ಹಳೆಯ ಮೋಟಾರಿಗೆ ಗಾಳಿಯ ಆಸರೆ

ಸೊಲ್ಲಾಪುರದಲ್ಲಿ 1882ರಲ್ಲಿ ಜನಿಸಿದ ವಾಲಚಂದ ಹಿರಾಚಂದರ ಹೆಸರನ್ನು ಸಾಂಗಲಿಯ ಎಂಜಿನಿಯರಿಂಗ್ ಕಾಲೇಜು ಇಂದಿಗೂ ಹೊತ್ತಿದೆ. ಅವರು ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯ ಕುರ್ಲಾ ಕಾರಖಾನೆಯಲ್ಲಿ ಇಟಲಿಯ ಫಿಯಾಟ್ 1100ರ ಮಾದರಿಯಲ್ಲಿ ತಯಾರಾಗಿ, 1974ರಿಂದ ‘ಪದ್ಮಿನಿ’ ಎಂದು ಕರೆಯಿಸಿಕೊಂಡ ಕಾರು ಒಂದು ಕಾಲಕ್ಕೆ ಈ ಸೀಮೆಯ ಡಾಕ್ಟರರ, ವಕೀಲರ, ವ್ಯಾಪಾರಸ್ಥರ ಮನೆಯ ಗೌರವವಾಗಿತ್ತು. ಅಂಥದೊಂದು, 1978ರ ಗಾಡಿ, ಮುಚ್ಚಂಡಿಯ ನಿವೃತ್ತ ಗುರುಗಳೊಬ್ಬರ ಅಂಗಳದಲ್ಲಿ ಬೇವಿನ ನೆರಳಿಗೆ ನಿಂತಿದೆ. ನಿಂತಿದೆ ಎಂದರೆ ಕೆಟ್ಟು ನಿಂತಿದೆ ಎಂದಲ್ಲ; ವರ್ಷಕ್ಕೆ ನಾಲ್ಕಾರು ಬಾರಿ ಜತ್ತಕ್ಕೂ ಗುಡ್ಡಾಪುರದ ದಾನಮ್ಮದೇವಿಯ ದರ್ಶನಕ್ಕೂ ಹೋಗಿಬರುತ್ತದೆ.

ಗುರುಗಳಿಗೆ ಈಗ ನಡುನೋವು. ಹಿಂದಿನ ಸೀಟಿನಲ್ಲಿ ಕುಳಿತರೆ ತಗ್ಗು ಬಂದಾಗಲೆಲ್ಲ ಬೆನ್ನಹುರಿಗೆ ಪೆಟ್ಟು. ಊರಿನ ಕನ್ನಡ ಶಾಲೆಯಲ್ಲಿ ಕಲಿತು, ಐ.ಟಿ.ಐ. ಮುಗಿಸಿ, ಪುಣೆಯ ಗ್ಯಾರೇಜೊಂದರಲ್ಲಿ ಹಳೆಯ ಕಾರುಗಳಿಗೆ ಹೊಸ ರೂಪ ಕೊಡುವ ಕೆಲಸದಲ್ಲಿರುವ ಮಗ ಅದಕ್ಕೊಂದು ಉಪಾಯ ತಂದ. ಪಾಟಾ ಕಿತ್ತು ಗಾಳಿಯ ಚೀಲ ಕೂಡಿಸುವುದು. ಅಂದರೆ ಏರ್ ಸಸ್ಪೆನ್ಷನ್. “ಯಪ್ಪಾ, ನೀರಿನ ಮ್ಯಾಲ ತೇಲಿದಂಗ ಹೋಗತೈತಿ ನೋಡು,” ಎಂದ.

ಉಪಾಯ ಹುಡುಗಾಟದ್ದಲ್ಲ. ಗಾಡಿಯ ಕೆಳಗೆ ಗಾಳಿಯನ್ನು ಇಡುವ ವಿಚಾರ ಹಳೆಯದು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿಯ ಟಾಯರಿಗೆ ಪೇಟೆಂಟ್ ಪಡೆದುದು ತನ್ನ ಪುಟ್ಟ ಮಗನ ಮೂರು ಗಾಲಿಯ ಸೈಕಲ್ಲು ಕುಲುಕಬಾರದೆಂದು ಮಾಡಿದ ಪ್ರಯತ್ನದ ಫಲವಾಗಿ. ಅಲ್ಲಿ ಮಗನಿಗಾಗಿ ತಂದೆ. ಮುಚ್ಚಂಡಿಯಲ್ಲಿ ತಂದೆಗಾಗಿ ಮಗ. ಟಾಯರಿನ ಗಾಳಿಯನ್ನೇ ಇನ್ನಷ್ಟು ಮೇಲಕ್ಕೆ, ಅಚ್ಚಿಗೂ ಬಾಡಿಗೂ ನಡುವೆ ತಂದರೆ ಅದು ಗಾಳಿಯ ಸ್ಪ್ರಿಂಗ್. ದಪ್ಪ ರಬ್ಬರಿನ ಚೀಲಗಳು, ಬ್ಯಾಟರಿಯಿಂದ ನಡೆಯುವ ಕಂಪ್ರೆಸರ್, ಗಾಳಿ ತುಂಬಿಡುವ ಟ್ಯಾಂಕು, ಒಳಗೆ ಬಿಡುವ ಹೊರಗೆ ಬಿಡುವ ವಾಲ್ವುಗಳು, ಸಣ್ಣ ನಳಿಕೆಗಳು: ಸಾಮಾನು ಇಷ್ಟೇ. ಅನಿಲವೊಂದರ ಗಾತ್ರ ಅರ್ಧವಾದರೆ, ಉಷ್ಣತೆ ಬದಲಾಗದಿದ್ದಾಗ, ಒತ್ತಡ ಎರಡರಷ್ಟಾಗುತ್ತದೆಂದು ಶಾಲೆಯ ಮಕ್ಕಳು ಓದುವ ಬಾಯ್ಲನ ನಿಯಮವೇ ಇದರ ಆಧಾರ. ಚೀಲ ಕುಗ್ಗಿದಷ್ಟೂ ಹೆಚ್ಚು ಬಲದಿಂದ ಎದುರು ನಿಲ್ಲುತ್ತದೆ. ಆದ್ದರಿಂದ ಮೊದಲು ಮೆತ್ತಗೆ, ಕೊನೆಗೆ ಗಟ್ಟಿ.

ಇದರ ನಿಜವಾದ ಲಾಭ ಬಸ್ಸಿಗೆ. ಹತ್ತು ಜನರಿದ್ದಾಗಲೂ ಐವತ್ತು ಜನರಿದ್ದಾಗಲೂ ವಾಲ್ವು ತಾನಾಗಿಯೇ ಗಾಳಿ ಹೆಚ್ಚು ಕಡಿಮೆ ಮಾಡಿ ಬಸ್ಸನ್ನು ಒಂದೇ ಎತ್ತರದಲ್ಲಿ ನಿಲ್ಲಿಸುತ್ತದೆ. 2001ರಿಂದ ಭಾರತದ ರಸ್ತೆಗಿಳಿದ ವೋಲ್ವೋ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿಬಂದವರಿಗೆ ಆ ಸುಖ ಗೊತ್ತು. ನಾಲ್ಕು ಜನ ಕೂಡುವ ಕಾರಿಗೆ ಅಷ್ಟು ಏರಿಳಿತದ ಭಾರವೆಲ್ಲಿದೆ? 1957ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಂಪನಿ ತನ್ನ ಅತಿ ದುಬಾರಿ ‘ಎಲ್ಡೊರಾಡೊ ಬ್ರೌಮ್’ ಕಾರಿಗೆ ಗಾಳಿಯ ಸ್ಪ್ರಿಂಗ್ ಕೊಟ್ಟಿತು. ಗಾಳಿ ಸೋರತೊಡಗಿತು; ಶ್ರೀಮಂತರ ಕಾರು ಬೆಳಗಾಗುವಷ್ಟರಲ್ಲಿ ಕುಳಿತಿರುತ್ತಿತ್ತು. ಅನೇಕರು ಅದನ್ನು ತೆಗೆಸಿ ಉಕ್ಕಿನ ಸುರುಳಿಯನ್ನೇ ಹಾಕಿಸಿಕೊಂಡರು.

ಕಾರನ್ನು ಬೇಕೆಂದಾಗ ಇಳಿಸಿ ಬೇಕೆಂದಾಗ ಏರಿಸುವ ಷೋಕಿಯ ಕಥೆಯೇ ಬೇರೆ, ಅದರಲ್ಲಿ ಕಾನೂನಿನ ಪಾತ್ರವೂ ಉಂಟು. ಗಾಲಿಯ ರಿಮ್ಮಿಗಿಂತ ಕೆಳಗೆ ಕಾರಿನ ಯಾವ ಭಾಗವೂ ಇರಕೂಡದೆಂದು ಕ್ಯಾಲಿಫೋರ್ನಿಯಾ 1958ರಲ್ಲಿ ನಿಯಮ ಮಾಡಿತು. ಮರುವರ್ಷವೇ ರಾನ್ ಅಗಿರ್ರೆ ಎಂಬ ತರುಣ ತನ್ನ ಕಾರಿಗೆ ಎಣ್ಣೆಯ ಒತ್ತಡದ ಪಂಪು ಜೋಡಿಸಿದ. ಪೊಲೀಸರು ಕಂಡರೆ ಕಾರು ಮೇಲೆ, ಹೋದರೆ ಕೆಳಗೆ! ಅಲ್ಲಿಯ ಕಾನೂನು ಅಳತೆಗೋಲು ಹಿಡಿದು ನೋಡಿತು. ನಮ್ಮ ಕಾನೂನು ಕಾಗದ ಹಿಡಿದು ನೋಡುತ್ತದೆ.

ಮಗ ಗಾಡಿಯ ಕೆಳಗೆ ಮಲಗಿ ಅಳತೆ ತೆಗೆದ ಮೇಲೆ ಮೊದಲ ತೊಡಕು ಗೋಚರವಾಯಿತು. ಪದ್ಮಿನಿಯ ಮುಂಭಾಗಕ್ಕೆ ಸುರುಳಿ ಸ್ಪ್ರಿಂಗ್, ಹಿಂಭಾಗಕ್ಕೆ ಪಾಟಾ. ಪಾಟಾ ಭಾರ ಹೊರುವುದಷ್ಟೇ ಅಲ್ಲ, ಹಿಂದಿನ ಅಚ್ಚು ಅತ್ತಿತ್ತ ಸರಿಯದಂತೆ ಹಿಡಿದುಕೊಂಡಿರುವುದೂ ಅದೇ. ಚೀಲಕ್ಕೆ ಮೇಲೆ ಕೆಳಗೆ ಮಾತ್ರ ಗೊತ್ತು. ಹಿಂದೆ ಮುಂದೆ, ಎಡ ಬಲ ಗೊತ್ತಿಲ್ಲ. ಹೀಗಾಗಿ ಪಾಟಾ ಕಿತ್ತರೆ ಅಚ್ಚನ್ನು ಹಿಡಿಯಲು ಬೇರೆ ಉಕ್ಕಿನ ತೋಳುಗಳನ್ನು ಜೋಡಿಸಬೇಕು. ಅವನ್ನು ಬೆಸೆಯುವುದು ಯಾವುದಕ್ಕೆ? ಲಾರಿಗಿರುವಂತೆ ಪದ್ಮಿನಿಗೆ ಬೇರೆ ಚಾಸಿ ಇಲ್ಲ. ತಗಡಿನ ಬಾಡಿಯೇ ಅದರ ಎಲುಬು. ನಾಲ್ವತ್ತೈದು ವರ್ಷಕ್ಕೂ ಮೀರಿದ ಆ ತಗಡನ್ನು ಕತ್ತರಿಸಿ ವೆಲ್ಡಿಂಗ್ ಮಾಡಬೇಕು. ಬ್ರೇಕಿನ ನಳಿಕೆಗಳನ್ನು ಹೊಸ ಚಲನೆಗೆ ತಕ್ಕಂತೆ ಬದಲಿಸಬೇಕು. ಓಡುವಾಗ ಒಂದು ಚೀಲ ಒಡೆದರೆ ಗಾಲಿ ಮಡ್‌ಗಾರ್ಡಿಗೆ ತಾಗದಂತೆ ತಡೆ ಇಡಬೇಕು. ಟ್ಯಾಂಕಿನಲ್ಲಿ ಸೇರುವ ನೀರನ್ನು ತಪ್ಪದೆ ಹೊರಬಿಡಬೇಕು. ಮಗ ಪುಣೆಗೆ ಹೋದ ಮೇಲೆ ಮುಚ್ಚಂಡಿಯಲ್ಲಿ ಇದನ್ನು ನೋಡಿಕೊಳ್ಳುವವರು ಯಾರು?

ಎರಡನೆಯ ತೊಡಕು ಕಪಾಟಿನಲ್ಲಿತ್ತು. ನೋಂದಣಿ ಪುಸ್ತಕದಲ್ಲಿರುವುದು ಗುರುಗಳ ಹೆಸರು. ತಯಾರಕರು ಮೂಲತಃ ನಮೂದಿಸಿದ ವಿವರಗಳಿಗಿಂತ ನೋಂದಣಿ ಪತ್ರದ ವಿವರಗಳು ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಮಾಲೀಕನಿಗೆ ವಿಧಿಸುತ್ತದೆ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿ 9ರಂದು ಈ ಕಲಮನ್ನು ಬಿಗಿಯಾಗಿಯೇ ಅರ್ಥೈಸಿತು. ಅದೇ ವರ್ಷದ ತಿದ್ದುಪಡಿಯಿಂದ ಬದಲಾದ 182-ಎ ಕಲಮಿನ ಪ್ರಕಾರ ಅನುಮತಿಯಿಲ್ಲದ ಮಾರ್ಪಾಟಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಮಾರ್ಪಾಟೊಂದಕ್ಕೆ 5,000 ರೂಪಾಯಿ ದಂಡ, ಅಥವಾ ಎರಡೂ. ಅಲ್ಲಿಯೂ ಹೊಣೆ ಮಾಲೀಕನದೇ. ಪಾನಾ ಹಿಡಿಯುವವನು ಮಗ, ನ್ಯಾಯಾಲಯದ ಕಟ್ಟೆ ಹತ್ತುವವರು ತಂದೆ. ವಿಮಾ ಕಂಪನಿಗೆ ತಿಳಿಸದೆ ಮಾಡಿದ ಮಾರ್ಪಾಟು ಅಪಘಾತದ ದಿನ ಪರಿಹಾರದ ಅರ್ಜಿಗೇ ತಕರಾರು ತಂದೀತು.

ಗುರುಗಳು ಕನ್ನಡಕ ಏರಿಸಿ ಎಲ್ಲವನ್ನೂ ಓದಿದರು. “ನಿನ್ನ ಕೈಮ್ಯಾಲ ನನಗ ಸಂಶೇ ಇಲ್ಲೋ ತಮ್ಮಾ. ಆದ್ರ ಕಾಗದಾ ನನ್ನ ಹೆಸರಿಲೆ ಐತಿ,” ಎಂದರು. ಮಗ ಎರಡು ದಿನ ಮುಖ ಬಾಡಿಸಿಕೊಂಡಿದ್ದ, ಅದು ಸಹಜವೇ. ಪುಣೆಯಲ್ಲಿ ಇತರರ ಕಾರಿಗೆ ಮಾಡುವ ಸೊಗಸನ್ನು ಹಡೆದ ತಂದೆಯ ಕಾರಿಗೆ ಮಾಡಲಾಗಲಿಲ್ಲವೆಂದರೆ ಕೈಬಲ್ಲ ಕಸುಬುದಾರನಿಗೆ ನೋವಾಗದೆ ಇರುತ್ತದೆಯೇ?

ಮೂರನೆಯ ದಿನ ಅವನೇ ಪಾಟಾ ಬಿಚ್ಚಿದ. ಎಲೆಗಳ ನಡುವೆ ವರ್ಷಗಟ್ಟಲೆ ಕಟ್ಟಿದ್ದ ತುಕ್ಕಿನಿಂದ ಅವು ಒಂದರ ಮೇಲೊಂದು ಜಾರುವುದನ್ನೇ ಮರೆತಿದ್ದವು. ಇಡೀ ಪಾಟಾ ಒಂದೇ ಹಲಗೆಯಂತೆ ಬಿಗಿದಿತ್ತು. ಗುರುಗಳ ನಡುವಿಗೆ ಬೀಳುತ್ತಿದ್ದ ಪೆಟ್ಟಿನ ಬಹುಪಾಲು ಅಲ್ಲಿಂದಲೇ. ಎಲೆಗಳನ್ನು ತಿಕ್ಕಿ ತೊಳೆದು ಗ್ರ್ಯಾಫೈಟ್ ಗ್ರೀಸ್ ಸವರಿದ, ಸವೆದ ರಬ್ಬರ್ ಬುಷ್‌ಗಳನ್ನೂ ಸತ್ತ ಶಾಕ್ ಅಬ್ಸಾರ್ಬರುಗಳನ್ನೂ ಬದಲಿಸಿದ, ಟಾಯರುಗಳಲ್ಲಿ ಮಿತಿಮೀರಿ ತುಂಬಿದ್ದ ಗಾಳಿಯನ್ನು ಹದಕ್ಕೆ ತಂದ. ತಂದೆಯನ್ನು ಹಿಂದಿನ ಅಚ್ಚಿನ ಮೇಲಿನಿಂದ ಎಬ್ಬಿಸಿ ಮುಂದಿನ ಸೀಟಿನಲ್ಲಿ ಕೂಡಿಸಿದ. ಛಟ್ಟಿ ಅಮಾವಾಸ್ಯೆಯ ಜಾತ್ರೆಗೆ ಗುಡ್ಡಾಪುರಕ್ಕೆ ಹೋಗಿಬಂದರು. ತೇಲಿದಂತೇನೂ ಆಗಲಿಲ್ಲ, ಆದರೆ ಗುರುಗಳು ದಾರಿಯಲ್ಲಿ ಒಮ್ಮೆಯೂ ಗಾಡಿ ನಿಲ್ಲಿಸೆನ್ನಲಿಲ್ಲ.

ಐದು ವರ್ಷಕ್ಕೊಮ್ಮೆಯ ನೋಂದಣಿ ನವೀಕರಣ ಇನ್ನು 2028ಕ್ಕೆ. ಅದೇ ವರ್ಷ ಕಾರಿಗೆ ಐವತ್ತು ತುಂಬುತ್ತದೆ. 2021ರ ನಿಯಮಗಳಂತೆ ಐವತ್ತು ಮೀರಿದ, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಬದಲಾವಣೆಯಾಗದ ಖಾಸಗಿ ವಾಹನವನ್ನು 20,000 ರೂಪಾಯಿ ಶುಲ್ಕ ಕಟ್ಟಿ ‘ವಿಂಟೇಜ್’ ಎಂದು ನೋಂದಾಯಿಸಬಹುದು. ತಗಡು ಕತ್ತರಿಸಿದ್ದರೆ ಆ ಬಾಗಿಲೂ ಮುಚ್ಚುತ್ತಿತ್ತು. ಆದರೆ ವಿಂಟೇಜ್ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ಇಂಧನ, ದುರಸ್ತಿ ಇಂಥ ಕಾರಣಗಳಿಗಲ್ಲದೆ ನಿತ್ಯದಂತೆ ರಸ್ತೆಗೆ ತರುವಂತಿಲ್ಲ. ದೇವರ ದರ್ಶನ ಆ ಪಟ್ಟಿಯಲ್ಲಿಲ್ಲ. ಮಗನಿಗೆ ವಿಂಟೇಜ್ ಫಲಕದ ಆಸೆ, ಗುರುಗಳಿಗೆ ಗುಡ್ಡಾಪುರದ ಆಸೆ. ಈ ಮಾತು ಆ ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.