ಆಜ್ಞೆಯ ಬಾಲಂಗೋಚಿ

ಸ್ಪ್ಯಾನಿಷ್‌ನಲ್ಲಿ ‘ಕೊಡು’ ಎನ್ನಲು ‘ದಾ’ ಸಾಕು. ‘ನನಗೆ’ ಎಂಬ ‘ಮೆ’, ‘ಅದನ್ನು’ ಎಂಬ ‘ಲೊ’ ಅದರ ಹಿಂದೆ ಬಂದು ಅಂಟಿಕೊಂಡರೆ ‘ದಾಮೆಲೊ’. ಯಾರಿಗೆ ಎಂಬುದು ಮೊದಲು, ಏನನ್ನು ಎಂಬುದು ಆಮೇಲೆ. ಈ ಸಾಲು ಅದಲುಬದಲಾಗುವುದಿಲ್ಲ. ದೇವನಹಳ್ಳಿ ಚಕ್ಕೋತದ ದಾಯಾದಿಯಾದ ಗ್ರೇಪ್‌ಫ್ರೂಟಿಗೆ ಸ್ಪೇನಿನಲ್ಲಿ ‘ಪೊಮೆಲೊ’ ಎಂದು ಹೆಸರು. ಅದನ್ನು ಬಿಡಿಸಿಕೊಡು ಎನ್ನುವುದು ‘ಪೇಲಮೆಲೊ’. ವ್ಯಾಕರಣ ಇಷ್ಟು ಅಗ್ಗಕ್ಕೆ ಪ್ರಾಸ ಕೊಡುವುದು ಅಪರೂಪ.

ಬಾಲ ಎಷ್ಟೇ ಬೆಳೆದರೂ ಒತ್ತು ಮೂಲ ಕ್ರಿಯಾಪದದ ಮೇಲೆಯೇ ಉಳಿಯುತ್ತದೆ. ಆಷಾಢದ ಗಾಳಿಗೆ ದೊಡ್ಡಬಳ್ಳಾಪುರದಲ್ಲಿ ಪಟ ಹಾರಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಬಾಲಂಗೋಚಿ ಉದ್ದವಾಯಿತೆಂದು ಸೂತ್ರವನ್ನು ಬಾಲಕ್ಕೆ ಕಟ್ಟುವುದುಂಟೆ? ಬರವಣಿಗೆಯಲ್ಲಿ ಆ ಸೂತ್ರವೆಂದರೆ ಸ್ವರದ ನೆತ್ತಿಯ ಮೇಲಿನ ಓರೆಗೆರೆ. ‘ದಾಮೆ’ಗೆ ಅದು ಬೇಡ, ‘ದಾಮೆಲೊ’ಗೆ ಬೇಕೇಬೇಕು.

ಕನ್ನಡಿಗರು ಎಡವುವುದು ಇಲ್ಲಲ್ಲ, ಎಡವಲೇಬಾರದ ಜಾಗದಲ್ಲಿ. ಸ್ಪ್ಯಾನಿಷ್‌ನ ತ, ದ ಹಲ್ಲಿಗೆ ನಾಲಿಗೆ ತಾಗಿ ಹುಟ್ಟುವ ಅಕ್ಷರಗಳು. ಕನ್ನಡದ ಬಾಯಿಗೆ ಹುಟ್ಟಿನಿಂದ ಬಂದವು. ಆದರೂ ತರಗತಿಯಲ್ಲಿ ಕೇಳಿಸುವುದು ‘ಡಾಮೆಲೊ’. ಪಾಠ ಇಂಗ್ಲಿಷಿನ ಮೂಲಕ ಬರುತ್ತದೆ, ಬರುವಾಗ ಇಂಗ್ಲಿಷಿನ ನಾಲಿಗೆಯನ್ನೂ ತರುತ್ತದೆ. ಹೋಟೆಲಿನ ಫಲಕದಲ್ಲಿ ದೋಸೆ ‘ಡೋಸಾ’ ಆಯಿತೆಂದು ಕೊರಗುವವರೇ ‘ಡಾಮೆಲೊ’ ಎನ್ನುವುದನ್ನು ಸಹಿಸುವುದು ಕಷ್ಟ. ಇದು ಕಲಿಯದವರ ತಪ್ಪಲ್ಲ, ಗೊತ್ತಿದ್ದುದನ್ನು ಮರೆತವರ ತಪ್ಪು.

‘ಅವನಿಗೆ’ ಎಂಬ ‘ಲೆ’ಯ ಪಕ್ಕ ‘ಲೊ’ ಬಂದರೆ ‘ಲೆಲೊ’ ಆಗಬೇಕಿತ್ತು. ಭಾಷೆ ಒಪ್ಪದೆ ‘ಲೆ’ಯನ್ನು ‘ಸೆ’ ಮಾಡಿತು: ‘ದಾಸೆಲೊ’. ಅವನಿಗೋ, ಅವಳಿಗೋ, ಅವರಿಗೋ ಎಂಬುದನ್ನು ಕೇಳುವವರೇ ಊಹಿಸಬೇಕು. ಮರ್ಯಾದೆಗೆ ಒಂದು ಸ್ವರ ಬದಲಾದರೆ ಮುಗಿಯಿತು, ‘ಪೇಲಮೆಲೊ’ ‘ಪೇಲೆಮೆಲೊ’ ಆಗುತ್ತದೆ. ಕನ್ನಡವೂ ‘ಕೊಡು’ವನ್ನು ‘ಕೊಡಿ’ ಮಾಡುವುದು ಒಂದೇ ಸ್ವರದಲ್ಲಿ.

ಅಂಟುಬಾಲದ ಅಧ್ಯಾಯವನ್ನು ಪಠ್ಯಪುಸ್ತಕಗಳು ಕಠಿಣವೆಂದು ಹಿಂದಕ್ಕೆ ತಳ್ಳುತ್ತವೆ. ಸರ್ವನಾಮವನ್ನು ಬಿಡಿಬಿಡಿಯಾಗಿ ಇಡುವ ಇಂಗ್ಲಿಷಿನವರಿಗೆ ಅದು ಕಠಿಣವೇ ಇರಬಹುದು. ಆದರೆ ಹೊಸಕೋಟೆಯಲ್ಲಿ ಇನ್ನೂ ಶಾಲೆಯ ಮುಖ ಕಾಣದ ಮಗುವಿಗೂ ‘ಬರ್ಕೋ’ ಬೇರೆ, ‘ಬರ್ಕೊಡು’ ಬೇರೆ. ತನಗಾಗಿ ಬರೆಯುವುದು ‘ಬರ್ಕೋ’, ಸ್ಪ್ಯಾನಿಷ್‌ನಲ್ಲಿ ‘ಅಪುಂತತೆಲೊ’. ಕೇಳಿದವರಿಗಾಗಿ ಬರೆಯುವುದು ‘ಬರ್ಕೊಡು’, ಅಲ್ಲಿ ‘ಅಪುಂತಮೆಲೊ’. ‘ಕೂತ್ಕೋ’ ಎಂದರೆ ‘ಸಿಯೆಂತತೆ’, ‘ಹಾಕ್ಕೋ’ ಎಂದರೆ ‘ಪೊಂತೆಲೊ’. ಕನ್ನಡದಲ್ಲಿ ಅಂಟುವುದು ಸರ್ವನಾಮವಲ್ಲ, ಸವೆದ ‘ಕೊಳ್ಳು’, ‘ಕೊಡು’ ಎಂಬ ಕ್ರಿಯಾಪದಗಳು, ನಿಜ. ಕೆಲಸದ ಫಲ ಯಾರ ಕಡೆಗೆ ಹರಿಯಬೇಕೆಂಬುದನ್ನು ಎರಡೂ ಭಾಷೆಗಳು ಬಾಲದಲ್ಲೇ ಹೇಳುತ್ತವೆ. ಇಂಗ್ಲಿಷಿನ ಸುತ್ತುದಾರಿ ಬಿಟ್ಟು ‘ಬರ್ಕೋ’ದಿಂದ ಪಾಠ ಶುರುಮಾಡುವ ಮೇಷ್ಟ್ರು ಸಿಕ್ಕರೆ ಪುಣ್ಯ.

ಒಂದು ವಿಷಯದಲ್ಲಿ ಕನ್ನಡ ಮುಂದಿದೆ. ‘ಕೊಡೋ’, ‘ಕೊಡೇ’, ‘ಕೊಡಪ್ಪ’, ‘ಕೊಡಮ್ಮ’: ಕೊಡುವವರು ಯಾರು, ಕೇಳುವವರಿಗೆ ಅವರ ಮೇಲೆಷ್ಟು ಸಲಿಗೆ ಎಂಬುದೂ ಕ್ರಿಯಾಪದಕ್ಕೇ ಅಂಟುತ್ತದೆ. ಕೊಡುವ ವಸ್ತುವನ್ನು ಮಾತ್ರ ಹೆಸರಿಸುವುದೇ ಇಲ್ಲ. ಅದು ಕಣ್ಣೆದುರಿಗೇ ಇದೆಯಲ್ಲ. ‘ದಾಮೆಲೊ’ ವಸ್ತುವನ್ನು ಮರೆಯುವುದಿಲ್ಲ, ಎದುರಿಗಿರುವವರು ಹುಡುಗನೋ ಹುಡುಗಿಯೋ ಎಂದು ವಿಚಾರಿಸುವುದೂ ಇಲ್ಲ.

ಬಾಲ ಅಂಟುವಾಗ ಕೆಲವೊಮ್ಮೆ ಅಕ್ಷರ ಉದುರುತ್ತದೆ. ‘ಬಾಮೊಸ್’ಗೆ ‘ನೊಸ್’ ಸೇರಿದರೆ ನಡುವಿನ ‘ಸ್’ ಹೋಗಿ ‘ಬಾಮೊನೊಸ್’, ಹೋಗೋಣ. ‘ಸೆಂತಾದ್’ಗೆ ‘ಓಸ್’ ಸೇರಿದರೆ ‘ದ್’ ಹೋಗಿ ‘ಸೆಂತಾಓಸ್’. ‘ತೆಗೆದುಕೊ’ ಎಂಬುದು ‘ತಗೊ’ ಆದ ನಾಡಿನಲ್ಲಿ ಇದಕ್ಕೆ ಯಾರೂ ಬೆರಗಾಗಬೇಕಿಲ್ಲ.

ಬೇಡ ಎನ್ನುವಾಗ ಈ ಕಟ್ಟೆಲ್ಲ ಕಳಚುತ್ತದೆ. ಸರ್ವನಾಮಗಳು ಬಾಲ ಬಿಟ್ಟು ಕ್ರಿಯಾಪದದ ಮುಂದೆ ಬಿಡಿಬಿಡಿಯಾಗಿ ನಿಲ್ಲುತ್ತವೆ: ‘ನೊ ಮೆ ಲೊ ದೆಸ್’, ನನಗೆ ಕೊಡಬೇಡ. ಕನ್ನಡದ ಬಾಲ ಮಾತ್ರ ಆಗಲೂ ಕಳಚುವುದಿಲ್ಲ. ‘ಬರ್ಕೋ’ ಎಂಬುದು ‘ಬರ್ಕೋಬೇಡ’ ಆಗುತ್ತದೆ, ಸಲಿಗೆ ಇದ್ದರೆ ‘ಬರ್ಕೋಬೇಡ್ವೋ’ ಎಂದು ಇನ್ನೂ ಒಂದು ಗೇಣು ಬೆಳೆಯುತ್ತದೆ.