ಕಾಫಿ ಮಂಡಿಯ ತಕ್ಕಡಿ ಮೇಲೆ ಯೆಜ್ಡಿ

ಸಕಲೇಶಪುರದಲ್ಲಿ ತಕ್ಕಡಿ ಹತ್ತದ ವಸ್ತು ಕಡಿಮೆ. ಹೆದ್ದಾರಿ ಪಕ್ಕದಲ್ಲಿ ಮರ, ಜಲ್ಲಿ ಹೊತ್ತ ಲಾರಿಗಳಿಗೆ ವೇ ಬ್ರಿಡ್ಜ್. ಪೇಟೆಯ ಮಂಡಿಗಳಲ್ಲಿ ಕಾಫಿ ಮೂಟೆಗೆ ಪ್ಲಾಟ್‌ಫಾರ್ಮ್ ತಕ್ಕಡಿ, ಏಲಕ್ಕಿಗೆ ಗ್ರಾಂ ಲೆಕ್ಕದ ಪುಟ್ಟ ತಕ್ಕಡಿ. ಫೆಬ್ರವರಿಯಲ್ಲಿ ರೋಬಸ್ಟಾ ಕೊಯ್ಲಿನ ಹೊತ್ತಿಗೆ ಹೋದರೆ ಮಂಡಿಗಳ ಮುಂದೆ ಜೀಪು, ಪಿಕಪ್‌ಗಳ ಸಾಲು. ಒಣಗಿದ ಚೆರ್ರಿಯ ಹುಳಿ ಹುಳಿ ವಾಸನೆ ರಸ್ತೆವರೆಗೂ ಬರುತ್ತದೆ.

ಬೆಂಗಳೂರಿಂದ ವೀಕೆಂಡಿಗೆ ಬರುವ ನಮ್ಮಂಥವರ ಪಟ್ಟಿಯಲ್ಲಿ ಇದ್ಯಾವುದೂ ಇರಲ್ಲ. 1792ರಲ್ಲಿ ಟಿಪ್ಪು ಕಟ್ಟಿಸಿದ, ಮೇಲಿನಿಂದ ನಕ್ಷತ್ರದಂತೆ ಕಾಣುವ ಮಂಜರಾಬಾದ್ ಕೋಟೆ, ಬಿಸಿಲೆ ವ್ಯೂ ಪಾಯಿಂಟ್, ಒಂದು ಹೋಂಸ್ಟೇ, ವಾಪಸ್. ಈ ವರ್ಷ ನಾನು ಎರಡು ಸಲ ಹೋಗಿದ್ದು ಮಾತ್ರ ಬೇರೆ ಕೆಲಸಕ್ಕೆ. ಒಂದು ಹಳೇ ಬೈಕಿನ ನಿಜವಾದ ತೂಕ ಎಷ್ಟು ಅಂತ ತಿಳಿಯಬೇಕಿತ್ತು.

ರೈಟರ್ ಮಾವನ ಗಾಡಿ

ನನ್ನ ಸೋದರಮಾವ ಹೆತ್ತೂರು ಕಡೆಯ ಎಸ್ಟೇಟ್ ಒಂದರಲ್ಲಿ ಮೂವತ್ತು ವರ್ಷ ರೈಟರ್ ಆಗಿದ್ದವರು. ರೈಟರ್ ಅಂದ್ರೆ ಕತೆಗಾರರಲ್ಲ. ಆಳುಗಳ ಹಾಜರಿ, ಬಟವಾಡೆ, ಗೊಬ್ಬರದ ಲೆಕ್ಕ ನೋಡಿಕೊಳ್ಳುವವರು. ಅವರ ಓಡಾಟಕ್ಕೆಲ್ಲ 1984ರ ಒಂದು ಯೆಜ್ಡಿ 250. ಕಲ್ಲಿಗೆ ತಾಗದಿರಲಿ ಅಂತ ಸೈಲೆನ್ಸರ್‌ಗಳನ್ನು ವೆಲ್ಡಿಂಗ್ ಮಾಡಿಸಿ ಮೇಲೆತ್ತಿದ್ದಾರೆ, ಕೆಸರಿಗೆ ಗಂಟು ಗಂಟಿನ ಟೈರ್ ಹಾಕಿಸಿದ್ದಾರೆ. ಅದು ಡಾಂಬರು ಕಂಡದ್ದಕ್ಕಿಂತ ಕೆಸರು ಕಂಡದ್ದೇ ಜಾಸ್ತಿ.

ಮಾವನಿಗೆ ಈಗ 68. ಡಾಂಬರು ರಸ್ತೆಯಿಂದ ಅವರ ಮನೆಗೆ ಎರಡೂವರೆ ಕಿಲೋಮೀಟರ್ ಮಣ್ಣಿನ ದಾರಿ. ಪೇಪರ್, ಔಷಧಿ, ಬಸ್ಸು, ಎಲ್ಲಕ್ಕೂ ಆ ದಾರಿ ಇಳಿಯಲೇಬೇಕು. ಕಳೆದ ಮಳೆಗಾಲದಿಂದ ಅವರ ಸೊಂಟ ತಕರಾರು ಮಾಡುತ್ತಿದೆ.

‘ಕುದುರೆ ಒದ್ದಂಗೆ ಒದೀತದೆ ಮಾರಾಯ. ಗಾಡಿಗೂ ವಯಸ್ಸಾಯ್ತು, ನಂಗೂ ಆಯ್ತು’ ಅಂದರು ಫೋನಲ್ಲಿ. ಹಳೇ ಬೈಕ್ ಕೂಡಿಡುವ ಬೆಂಗಳೂರಿನ ಒಬ್ಬರು ಒಳ್ಳೇ ರೇಟು ಹೇಳಿದ್ದರಂತೆ. ಯುಗಾದಿ ಕಳೆದ ಮೇಲೆ ಕೊಟ್ಟುಬಿಡೋಣ ಅಂತ ಮಾವನ ಯೋಚನೆ. ಗಾಡಿ ಹೋದರೆ ಅವರ ಓಡಾಟ ಪಕ್ಕದ ತೋಟದವರ ಜೀಪ್ ಬಂದಾಗ ಮಾತ್ರ. ಅತ್ತೆಗೆ ಅದೇ ಚಿಂತೆ.

‘ಯುಗಾದಿವರೆಗೆ ಟೈಮ್ ಕೊಡಿ ಮಾವ, ಶಾಕ್ ನೋಡ್ತೀನಿ’ ಅಂದೆ.

ಕಾಗದದ ತೂಕ, ನೆಲದ ತೂಕ

ಬೈಕಿನ ಸಸ್ಪೆನ್ಷನ್‌ನಲ್ಲಿ ಎರಡು ಕೆಲಸ ಇವೆ. ಸ್ಪ್ರಿಂಗ್ ಭಾರ ಹೊರುತ್ತದೆ, ಎಣ್ಣೆ ಆ ಸ್ಪ್ರಿಂಗಿನ ಕುಣಿತ ತಡೆಯುತ್ತದೆ. ಹೊರುವ ಭಾರ ಗೊತ್ತಿಲ್ಲದೆ ಸ್ಪ್ರಿಂಗ್ ಆರಿಸೋದು ಅಂದ್ರೆ ಕಾಲಿನ ಅಳತೆ ಕೊಡದೆ ಚಪ್ಪಲಿ ತಂದ ಹಾಗೆ.

ಹಾಗಾದ್ರೆ ತೂಕ ಎಲ್ಲಿ ಸಿಗುತ್ತೆ? ಹೊಸ ಬೈಕಾದರೆ ಕಂಪನಿ ಹೇಳುತ್ತದೆ. ಇದಕ್ಕೆ ಆ ದಾರಿ ಇಲ್ಲ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಲ್ಲಿ ಶುರುವಾದ ಬೈಕ್ ತಯಾರಿ 1996ರಲ್ಲಿ ನಿಂತುಹೋಯಿತು. ಮೊದಲು ಜಾವಾ ಹೆಸರಲ್ಲಿ, 1970ರ ದಶಕದಿಂದ ಯೆಜ್ಡಿ ಹೆಸರಲ್ಲಿ ಅಲ್ಲಿಂದ ಬಂದ ಗಾಡಿಗಳ ಮೂಲ ಚೆಕೊಸ್ಲೊವಾಕಿಯಾ. ಜಾವಾದ ಒಡಹುಟ್ಟಿನಂತಿದ್ದ ಸಿಜೆಡ್ ಬೈಕಿನಲ್ಲಿ ಬೆಲ್ಜಿಯಂನ ಜೋಯಲ್ ರೋಬೇರ್ 1964ರಲ್ಲಿ 250 ಸಿಸಿ ಮೋಟೊಕ್ರಾಸ್ ವಿಶ್ವ ಚಾಂಪಿಯನ್ ಆದರು. ಪೂರ್ವ ಜರ್ಮನಿಯ ಪಾಲ್ ಫ್ರೀಡ್ರಿಕ್ಸ್ 1966ರಿಂದ 1968ರವರೆಗೆ ಸತತ ಮೂರು ವರ್ಷ 500 ಸಿಸಿ ಪಟ್ಟ ಗೆದ್ದದ್ದೂ ಸಿಜೆಡ್ ಮೇಲೆಯೇ. ನಮ್ಮ ಮಲೆನಾಡಿನ ಕೆಸರಿಗೆ ಈ ವಂಶ ಹೊಂದಿಕೊಂಡದ್ದು ಆಶ್ಚರ್ಯವೇನಲ್ಲ.

ಹಳೇ ಕೈಪಿಡಿ ಸಿಕ್ಕರೂ ಒಂದು ತೊಡಕಿದೆ. ಆ ಕಾಲದ ಕಾಗದಗಳಲ್ಲಿ ಸಾಮಾನ್ಯವಾಗಿ ಇರೋದು ‘ಡ್ರೈ ವೇಟ್’, ಅಂದರೆ ಪೆಟ್ರೋಲ್ ಇಲ್ಲದ ತೂಕ. ಬರೀ ಹತ್ತು ಲೀಟರ್ ಪೆಟ್ರೋಲೇ ಸುಮಾರು ಏಳೂವರೆ ಕೆ.ಜಿ. ಅದರ ಮೇಲೆ ಮಾವನ ಗಾಡಿಗೆ ನಲವತ್ತು ವರ್ಷದಲ್ಲಿ ಸೇರಿದ್ದೆಷ್ಟು! ಎಂಜಿನ್ ಕೆಳಗೆ ಕಬ್ಬಿಣದ ತಗಡು, ಹಿಂದೆ ಮೂಟೆ ಕಟ್ಟುವ ಕ್ಯಾರಿಯರ್, ದಪ್ಪ ಟೈರು. ಫ್ಯಾಕ್ಟರಿಯಿಂದ ಹೊರಟ ಗಾಡಿ ಬೇರೆ, ಹೆತ್ತೂರಿನ ಕೊಟ್ಟಿಗೆಯಲ್ಲಿ ನಿಂತ ಗಾಡಿ ಬೇರೆ.

ಜೊತೆಗೆ, ಒಟ್ಟು ತೂಕ ಒಂದೇ ಸಾಲದು. ಮುಂದಿನ ಚಕ್ರದ ಮೇಲೆ ಎಷ್ಟು, ಹಿಂದಿನದರ ಮೇಲೆ ಎಷ್ಟು, ಅದೂ ಓಡಿಸುವವರು ಕೂತಾಗ ಎಷ್ಟು ಅಂತ ಬೇಕು. ಅದು ತಕ್ಕಡಿಯಲ್ಲಿ ಬಿಟ್ಟು ಬೇರೆಲ್ಲೂ ಸಿಗಲ್ಲ.

‘ಚೆರ್ರಿನೋ, ಪಾರ್ಚ್‌ಮೆಂಟೋ?’

ವೇ ಬ್ರಿಡ್ಜ್ ಲಾರಿಗಳಿಗಾಗಿ ಮಾಡಿದ್ದು. ಅದರ ಅಂಕಿ ಐದೈದು ಅಥವಾ ಹತ್ತು ಹತ್ತು ಕೆ.ಜಿ.ಯಂತೆ ಹಾರುತ್ತದೆ. ಹದಿನಾರು ಟನ್ನಿಗೆ ಅದು ಲೆಕ್ಕಕ್ಕಿಲ್ಲ, ಬೈಕಿಗೆ ಅಷ್ಟು ವ್ಯತ್ಯಾಸವೇ ಎಲ್ಲ. ನಮಗೆ ಬೇಕಿದ್ದದ್ದು ಮೂಟೆ ತೂಗುವ ತಕ್ಕಡಿ. ಮಾವ ವರ್ಷಗಳಿಂದ ಕಾಫಿ ಹಾಕುವ ಮಂಡಿಯವರು ‘ಊಟದ ಹೊತ್ತಿಗೆ ಬನ್ನಿ, ಆಗ ಖಾಲಿ ಇರ್ತದೆ’ ಅಂದರು.

ಹೋದೆವು. ತಕ್ಕಡಿಯ ಹಲಗೆ ನೆಲದಿಂದ ನಾಲ್ಕು ಇಂಚು ಎತ್ತರ. ಒಂದು ಚಕ್ರ ಮೇಲೆ, ಇನ್ನೊಂದು ಕೆಳಗೆ ಇದ್ದರೆ ಗಾಡಿ ವಾಲಿ, ಭಾರ ಕೆಳಗಿನ ಕಡೆಗೆ ಸರಿಯುತ್ತದೆ. ಅದಕ್ಕೇ ಮನೆಯಿಂದ ನಾಲ್ಕಿಂಚಿನ ಹಲಸಿನ ತುಂಡು ತಂದಿದ್ದೆವು. ಹಿಂದಿನ ಚಕ್ರ ಹಲಸಿನ ಮೇಲೆ, ಮುಂದಿನದು ತಕ್ಕಡಿ ಮೇಲೆ. ಸ್ಟ್ಯಾಂಡ್ ಹಾಕದೆ, ಗಾಡಿ ನೆಟ್ಟಗೆ ನಿಲ್ಲುವಷ್ಟು ಮಾತ್ರ ಎರಡು ಬೆರಳಲ್ಲಿ ಹಿಡಿದೆ. 68 ಕೆ.ಜಿ. ಆಮೇಲೆ ಅದಲು ಬದಲು ಮಾಡಿದೆವು. ಹಿಂದೆ 80. ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲ್ ಇದ್ದಾಗ ಒಟ್ಟು 148.

‘ಈಗ ನೀವು ಹತ್ತಿ ಮಾವ.’

‘ನಾನೆಂತಕ್ಕೆ? ನನ್ನ ಮಾರ್ತೀಯಾ?’

ಅಷ್ಟರಲ್ಲಿ ಊಟ ಮುಗಿಸಿ ಬಂದ ಮೂಟೆ ಹೊರುವವರು ಸುತ್ತ ನಿಂತಿದ್ದರು. ಮಾವ ಪಂಚೆ ಎತ್ತಿ ಕಟ್ಟಿ, ಹೆಲ್ಮೆಟ್ ಹಾಕಿ, ದಿನಾ ಕೂರುವ ಹಾಗೇ ಕೂತರು. ಮುಂದೆ 84, ಹಿಂದೆ 124. ಅಂದರೆ ಮಾವನ 60 ಕೆ.ಜಿ.ಯಲ್ಲಿ 44 ಹಿಂದಿನ ಚಕ್ರದ ಪಾಲು. ತೂಕದ ಹುಡುಗ ಚೀಟಿ ಬರೆಯುತ್ತಾ ‘ಚೆರ್ರಿ ಅಂತ ಹಾಕ್ಲೋ, ಪಾರ್ಚ್‌ಮೆಂಟ್ ಅಂತ ಹಾಕ್ಲೋ?’ ಅಂದ. ‘ಹಳೇ ಚೆರ್ರಿ ಅಂತ ಹಾಕು’ ಅಂದರು ಮಾವ.

ಏಳು ಮಿಲಿಮೀಟರ್

ಮುಂದಿನ ಹೆಜ್ಜೆಗೆ ಒಂದು ಟೇಪು ಸಾಕು. ಹಿಂದಿನ ಚಕ್ರ ಗಾಳಿಯಲ್ಲಿ ತೂಗುವಂತೆ ಗಾಡಿ ಎತ್ತಿ, ಚಕ್ರದ ಅಚ್ಚಿನಿಂದ ಸೀಟಿನ ಕೆಳಗಿನ ಒಂದು ಗುರುತಿಗೆ ಅಳೆಯಬೇಕು. ಗಾಡಿ ನೆಲದ ಮೇಲೆ ನಿಂತಾಗ ಇನ್ನೊಮ್ಮೆ, ಸವಾರ ಕೂತಾಗ ಮತ್ತೊಮ್ಮೆ. ಮೊದಲ ಅಳತೆಗೂ ಕೊನೆಯದಕ್ಕೂ ಇರುವ ವ್ಯತ್ಯಾಸಕ್ಕೆ ‘ಸ್ಯಾಗ್’ ಅನ್ನುತ್ತಾರೆ. ಚಕ್ರ ಮೇಲೆ ಕೆಳಗೆ ಒಟ್ಟು ಎಷ್ಟು ಆಡುತ್ತದೋ ಅದರ ಸುಮಾರು ಮೂರನೇ ಒಂದು ಭಾಗ ಈ ಇಳಿತ ಇರಬೇಕು ಅನ್ನೋದು ಕಚ್ಚಾ ದಾರಿಯ ಸವಾರರ ಸಾಮಾನ್ಯ ಲೆಕ್ಕ. ಇಳಿತ ಇದ್ದರೆ ಮಾತ್ರ ಗುಂಡಿ ಬಂದಾಗ ಚಕ್ರ ಅದರೊಳಗೆ ಇಳಿದು ನೆಲ ಬಿಡದೆ ಹೋಗುತ್ತದೆ.

ಮಾವನ ಗಾಡಿಯಲ್ಲಿ ಹಿಂದಿನ ಚಕ್ರ ಆಡುವುದು 75 ಮಿ.ಮೀ. ಖಾಲಿ ಗಾಡಿ ನಿಂತಾಗ ಇಳಿತ ಸೊನ್ನೆ. ಮಾವ ಕೂತಾಗ ಏಳೇ ಮಿಲಿಮೀಟರ್. ಬೇಕಿದ್ದದ್ದು 25ರ ಹತ್ತಿರ.

ಸ್ಪ್ರಿಂಗ್ ಬಿಚ್ಚಿಸಿದೆವು. ಪೇಟೆಯ ಲೇತ್ ಅಂಗಡಿಯ ಡ್ರಿಲ್ಲಿಂಗ್ ಮಷೀನ್ ಕೆಳಗೆ ಮನೆಯಲ್ಲಿ ಮೈತೂಕ ನೋಡುವ ಯಂತ್ರ ಇಟ್ಟು, ಅದರ ಮೇಲೆ ಸ್ಪ್ರಿಂಗ್ ನಿಲ್ಲಿಸಿ, ಮಷೀನ್ ಓಡಿಸದೆ ಬರೀ ಹಿಡಿ ಎಳೆದು ಒತ್ತಿದೆವು. 20 ಮಿ.ಮೀ. ಒತ್ತಲು 64 ಕೆ.ಜಿ. ಬೇಕಾಯಿತು. ಅಂದರೆ ಒಂದು ಮಿಲಿಮೀಟರಿಗೆ 3.2 ಕೆ.ಜಿ. ಇಂಥವು ಎರಡು. 60 ಕೆ.ಜಿ. ಮನುಷ್ಯನಿಗೆ ಇದು ಸ್ಪ್ರಿಂಗಲ್ಲ, ಕಂಬ.

‘ಇದನ್ನ ಯಾರು ಹಾಕಿದ್ರು ಮಾವ?’

ಮಾವ ಸ್ವಲ್ಪ ಹೊತ್ತು ಸ್ಪ್ರಿಂಗನ್ನೇ ನೋಡಿದರು. ‘ನಾನೇ ಹಾಕಿಸಿದ್ದು. ಗೊಬ್ಬರ ಸಾಗಿಸ್ತಿದ್ದೆ ಆಗ.’ ಮಳೆಗಾಲದಲ್ಲಿ ಜೀಪು ಹತ್ತದ ಬ್ಲಾಕುಗಳಿಗೆ 50 ಕೆ.ಜಿ. ಮೂಟೆ ಹಿಂದೆ ಕಟ್ಟಿಕೊಂಡು ದಿನಕ್ಕೆ ನಾಲ್ಕೈದು ಸಲ ಹತ್ತುತ್ತಿದ್ದರಂತೆ. ಮೆತ್ತಗಿನ ಸ್ಪ್ರಿಂಗ್ ಪೂರ್ತಿ ಕೂತು ಮಡ್‌ಗಾರ್ಡ್ ಟೈರಿಗೆ ತಾಗುತ್ತಿತ್ತು. ಆ ಕೆಲಸಕ್ಕೆ ಈ ಸ್ಪ್ರಿಂಗ್ ಸರಿಯಾಗಿಯೇ ಇತ್ತು. ಮೂಟೆ ಇಳಿದು ಹದಿನೈದು ವರ್ಷ ಆಯಿತು, ಸ್ಪ್ರಿಂಗ್ ಮಾತ್ರ ಅದನ್ನು ಹೊರಲು ಸೆಟೆದು ನಿಂತೇ ಇತ್ತು.

ಹೂಮಳೆ ಬಿದ್ದ ಮೇಲೆ

ಇನ್ನು ಹುಡುಕುವುದು ಸುಲಭ. ಮಾವ, ಗಾಡಿ ಸೇರಿ ಹಿಂದೆ 124. ಅದರಲ್ಲಿ ಚಕ್ರ, ಬ್ರೇಕು ಮುಂತಾಗಿ ಸ್ಪ್ರಿಂಗ್ ಹೊರದ ಭಾರ ಅಂದಾಜು 18 ಕಳೆದರೆ 106. ಎರಡು ಸ್ಪ್ರಿಂಗಿಗೆ ಹಂಚಿದರೆ ತಲಾ 53. ಒಳಗೆ ಕೂರಿಸುವಾಗಲೇ ಸ್ಪ್ರಿಂಗ್ 10 ಮಿ.ಮೀ. ಒತ್ತಿರುತ್ತದೆ. ಮಿಲಿಮೀಟರಿಗೆ 1.6 ಕೆ.ಜಿ.ಯ ಸ್ಪ್ರಿಂಗ್ ಆದರೆ ಒಟ್ಟು 33 ಒತ್ತಿ, 10 ಕಳೆದು, ಇಳಿತ 23. ಸಾಕು. ಮೈಸೂರಿನಲ್ಲಿ ಜಾವಾ, ಯೆಜ್ಡಿಗಳನ್ನೇ ರಿಪೇರಿ ಮಾಡುತ್ತಾ ತಲೆ ನರೆತ ಮೆಕ್ಯಾನಿಕ್ ಒಬ್ಬರು ಅಟ್ಟದಿಂದ ಮೂರು ಜೋಡಿ ಇಳಿಸಿದರು. ತೂಕದ ಯಂತ್ರ ಜೊತೆಗೇ ಒಯ್ದಿದ್ದೆ. ಎರಡನೇ ಜೋಡಿ 1.6ಕ್ಕೆ ಬಂತು. ಮುಂದಿನ ಫೋರ್ಕಿಗೆ ಹೊಸ ಎಣ್ಣೆ, ಹೊಸ ಸೀಲು ಸಾಕಾಯಿತು.

ಮಾರ್ಚಿನಲ್ಲಿ ಮತ್ತೆ ಹೋದಾಗ ಹೂಮಳೆ ಬಿದ್ದು ವಾರವಾಗಿತ್ತು. ಹೆತ್ತೂರು ದಾರಿಯುದ್ದಕ್ಕೂ ಕಾಫಿ ಗಿಡಗಳ ಮೇಲೆ ಬಿಳಿ ಹೂ, ಮಲ್ಲಿಗೆಯಂಥ ವಾಸನೆ. ಸ್ಪ್ರಿಂಗ್ ಕೂರಿಸಿ, ಮಾವನನ್ನು ಕೂರಿಸಿ ಅಳೆದೆ. 24 ಮಿಲಿಮೀಟರ್.

ಕಿಕ್ ಹೊಡೆದು, ಅದೇ ಲಿವರನ್ನು ಮುಂದಕ್ಕೆ ಮಡಚಿ ಗೇರ್ ಹಾಕಿ ಮಾವ ಹೊರಟರು. ಕಾಡುಕಲ್ಲಿನ ಏರು, ಮಳೆ ಕೊರೆದ ಕೊರಕಲು, ಆಮೇಲೆ ತಿರುವು, ಕಾಣಲಿಲ್ಲ. ಎರಡು ಸೈಲೆನ್ಸರಿನ ಡಬಡಬ ಸದ್ದು ಮಾತ್ರ ತೋಟದೊಳಗಿಂದ ಕೇಳುತ್ತಿತ್ತು. ಅತ್ತೆ ಜಗಲಿಯಲ್ಲಿ ನಿಂತೇ ಇದ್ದರು. ಡಾಂಬರು ಮುಟ್ಟಿ ವಾಪಸ್ ಬರಲು ಇಪ್ಪತ್ತು ನಿಮಿಷ ಹಿಡಿಯಿತು. ಇಳಿದವರು ಸೊಂಟಕ್ಕೆ ಕೈ ಇಡಲಿಲ್ಲ, ನೇರ ಹೋಗಿ ಕಾಫಿ ಕೇಳಿದರು.

ಆ ಸಂಜೆ ಬೆಂಗಳೂರಿನವರಿಗೆ ಫೋನ್ ಮಾಡಿ ‘ಈ ವರ್ಷ ಬ್ಯಾಡ’ ಅಂದರು. ಮಂಡಿಯ ಚೀಟಿ ಈಗ ಗಾಡಿಯ ಆರ್‌ಸಿ ಜೊತೆ ಪ್ಲಾಸ್ಟಿಕ್ ಕವರಿನಲ್ಲಿದೆ. ಮುಂದೆ ಯಾರು ಸ್ಪ್ರಿಂಗ್ ಬದಲಿಸಿದರೂ ಲೆಕ್ಕ ಅಲ್ಲಿಂದಲೇ ಶುರು ಮಾಡಬಹುದು.

ಹೊರಡುವಾಗ ಅತ್ತೆ ಕೇಳಿದರು: ‘ಇದ್ರಲ್ಲಿ ಗ್ಯಾಸ್ ಸಿಲಿಂಡರ್ ತರಬಹುದಾ?’

ತುಂಬಿದ ಸಿಲಿಂಡರ್ ಹತ್ತಿರ ಹತ್ತಿರ 30 ಕೆ.ಜಿ. ನಾನು ಮನಸ್ಸಲ್ಲೇ ಲೆಕ್ಕ ಹಾಕುತ್ತಿದ್ದೆ. ಮಾವ ಮೊದಲೇ ಉತ್ತರ ಕೊಟ್ಟರು: ‘ಅದು ಜೀಪಲ್ಲಿ ಬರ್ಲಿ. ಇದ್ರಲ್ಲಿ ನಾನೊಬ್ಬನೇ.’