ಇಪ್ಪತ್ತು ಲಕ್ಷ ಚುಕ್ಕಿಯ ರಂಗೋಲಿ

"ಅಮ್ಮಾ, ಚೀಟಿ ದುಡ್ಡು ಬಂತಾ?"

ಮಗರಾಯ ಬೆಣ್ಣೆಯಂಥ ದನಿಯಲ್ಲಿ ಹೀಗೆ ಕೇಳಿದಾಗಲೇ ನನಗೆ ಗುಮಾನಿ ಬರಬೇಕಿತ್ತು. ಇದು 2025ರ ಮೇ ತಿಂಗಳ ಮಾತು. ಅವನು ಎಸ್ಸೆಸ್ಸೆಲ್ಸಿ ಪಾಸಾಗಿ ರಜೆಯಲ್ಲಿದ್ದ. ನಾನು ಎರಡು ವರ್ಷ ಕಟ್ಟಿದ ಚೀಟಿ ಎತ್ತಿ, ಇಪ್ಪತ್ತು ಸಾವಿರ ರೂಪಾಯಿಯನ್ನು ಬೀರುವಿನ ಸೀರೆಗಳ ನಡುವೆ ಇಟ್ಟಿದ್ದೆ. ಸವೆದ ಓಲೆಯನ್ನು ಮುರಿಸಿ ಹೊಸದು ಮಾಡಿಸಿಕೊಳ್ಳಬೇಕೆಂಬುದು ನನ್ನ ಆಸೆ. ಅವನಿಗೆ ಬೇಕಾಗಿದ್ದದ್ದು ಗ್ರಾಫಿಕ್ಸ್ ಕಾರ್ಡು!

"ಅದೇನೋ ಅದು? ರೇಷನ್ ಕಾರ್ಡು ಗೊತ್ತು, ಮದುವೆ ಕಾರ್ಡು ಗೊತ್ತು" ಎಂದೆ.

"ಅದಿಲ್ಲದೆ ನಮ್ಮ ಕಂಪ್ಯೂಟರಿನಲ್ಲಿ ಆಟ ಓಡಲ್ಲಮ್ಮ."

ನಮ್ಮವರು ಪೇಪರಿನಿಂದ ತಲೆ ಎತ್ತದೆ, "ಓಡದಿದ್ದರೆ ಒಳ್ಳೇದೇ ಆಯ್ತು" ಎಂದರು. ಮಾತು ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮಾರನೇ ದಿನ ಸೊಪ್ಪಿನವಳು ಕಂತೆ ಎಣಿಸುತ್ತಾ, "ಅಕ್ಕಾ, ನಿಮ್ಮ ಹುಡುಗ ದಿನಾ ಬಸ್ ಸ್ಟ್ಯಾಂಡ್ ಹಿಂದಿನ ಗೇಮ್ ಅಂಗಡೀಲಿ ಕೂತಿರ್ತಾನಲ್ಲ, ಸ್ಕೂಲು ಮುಗೀತಾ?" ಎಂದಳು. ನನ್ನ ಎದೆ ಧಸಕ್ಕೆಂದಿತು. ಇಂಗ್ಲಿಷ್ ಮಾತಾಡಲು ಕಲಿಸುವ ಕ್ಲಾಸಿಗೆಂದು ನಾನು ಕೊಟ್ಟ ಫೀಜೆಲ್ಲ ಅಲ್ಲಿ ಗಂಟೆಗೆ ಐವತ್ತರಂತೆ ಕರಗಿಹೋಗಿತ್ತು.

ರಾತ್ರಿ ಇವರು ಮಲಗಿದ ಮೇಲೆ ಕೇಳಿದೆ. ತಲೆ ತಗ್ಗಿಸಿಕೊಂಡು ನಿಂತ. ಬಯ್ಯುವುದಕ್ಕೆ ಬಾಯಿ ತೆರೆದವಳಿಗೆ ಯಾಕೋ ಮಾತೇ ಹೊರಡಲಿಲ್ಲ. ಆಟ ಆಡುವುದು ತಪ್ಪಲ್ಲ, ಸುಳ್ಳು ಹೇಳಿದ್ದು ತಪ್ಪು. ಇಂದು ಕ್ಲಾಸಿನ ಸುಳ್ಳು, ನಾಳೆ ಇನ್ಯಾವುದೋ! ಅವನು ನಮ್ಮ ನಡುಮನೆಯಲ್ಲೇ, ನನ್ನ ಕಣ್ಣೆದುರೇ ಕೂತು ಆಡಲಿ ಎನ್ನಿಸಿತು. "ಕಾರ್ಡು ಕೊಡಿಸ್ತೀನಿ. ಆದರೆ ಈ ಸುಳ್ಳನ್ನು ಅಪ್ಪನಿಗೆ ನೀನೇ ಹೇಳಬೇಕು" ಎಂದೆ. ಒಪ್ಪಿದ.

ಬೆಳಿಗ್ಗೆ ಇವರಿಗೆ ಕಾರ್ಡಿನ ವಿಷಯವಷ್ಟೇ ತಿಳಿಸಿದೆ. "ನಿನ್ನ ದುಡ್ಡು, ನಿನ್ನಿಷ್ಟ ಕಣೇ. ಹಾಳಾದರೆ ಮಾತ್ರ ನನ್ನ ಹತ್ತಿರ ಬರಬೇಡ" ಎಂದುಬಿಟ್ಟರು. ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವ ಮನುಷ್ಯ. ಹಾಳಾದ ಒಂದೊಂದು ಪೈಸೆಯನ್ನೂ ಹತ್ತು ವರ್ಷ ನೆನಪಿಟ್ಟುಕೊಂಡು ಹೇಳುವವರು.

ಹಾಗಾಗಿ ಮೊದಲು ಈ ಕಾರ್ಡು ಏನೆಂದು ತಿಳಿದುಕೊಳ್ಳಲೇಬೇಕಾಯಿತು. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ನನ್ನ ತಮ್ಮನ ಮಗಳಿಗೆ ಫೋನು ಹಚ್ಚಿದೆ.

"ಅತ್ತೆ, ನೀವು ಚುಕ್ಕಿ ರಂಗೋಲಿ ಹಾಕ್ತೀರಲ್ಲ, ಕಂಪ್ಯೂಟರಿನ ಪರದೆಯೂ ಹಾಗೇ. ಅಡ್ಡಕ್ಕೆ 1920 ಚುಕ್ಕಿ, ಉದ್ದಕ್ಕೆ 1080 ಸಾಲು" ಎಂದಳು. ಗುಣಿಸಿ ನೋಡಿದೆ. 20,73,600 ಚುಕ್ಕಿ! ಆಟ ತಡವರಿಸದೆ ಓಡಬೇಕಾದರೆ ಇಷ್ಟೂ ಚುಕ್ಕಿಗೆ ಸೆಕೆಂಡಿಗೆ ಅರವತ್ತು ಸಲ ಬಣ್ಣ ತುಂಬಬೇಕಂತೆ. ಕಂಪ್ಯೂಟರಿನ ಪ್ರೊಸೆಸರು ಎಂಥ ಕೆಲಸವನ್ನಾದರೂ ಮಾಡಬಲ್ಲ ಜಾಣೆ ಇದ್ದಂತೆ, ಆದರೆ ಕೈ ಕಡಿಮೆ. ಗ್ರಾಫಿಕ್ಸ್ ಕಾರ್ಡು ಎಂದರೆ ಹಬ್ಬದ ದಿನ ಗುಡಿಯ ಅಂಗಳಕ್ಕೆ ಕೇರಿಯ ಹೆಂಗಸರೆಲ್ಲ ಸೇರಿ ಒಟ್ಟಿಗೆ ರಂಗೋಲಿ ಹಾಕಿದಂತೆ. ಒಬ್ಬೊಬ್ಬರದು ಸಣ್ಣ ಕೆಲಸ, ಆದರೆ ಸಾವಿರಾರು ಕೈ. ಪಾಠ ಕೇಳಲು, ಸಿನಿಮಾ ನೋಡಲು ಪ್ರೊಸೆಸರಿನ ಜೊತೆಗೇ ಬರುವ ಚಿಕ್ಕ ಗ್ರಾಫಿಕ್ಸ್ ಸಾಕು. ದೊಡ್ಡ ಆಟಗಳಿಗೆ ಮಾತ್ರ ಕಾರ್ಡು ಬೇಕು.

ಇಷ್ಟು ತಿಳಿದುಕೊಂಡು ನಮ್ಮೂರ ಅಂಗಡಿಯೊಂದಕ್ಕೆ ಹೋದೆವು. ಅಂಗಡಿಯಾತ ಧೂಳು ಒರೆಸಿ ಒಂದು ಡಬ್ಬ ಇಟ್ಟ. ಮೇಲೆ ದಪ್ಪಕ್ಷರದಲ್ಲಿ "4 ಜಿಬಿ" ಎಂದಿತ್ತು. "ಆರು ಸಾವಿರ ಅಮ್ಮಾ, ಎಲ್ಲಾ ಗೇಮೂ ಓಡುತ್ತೆ" ಎಂದ. ನನಗೂ ಸಂತೋಷವೇ, ಹದಿನಾಲ್ಕು ಸಾವಿರ ಓಲೆಗೆ ಉಳಿಯಿತಲ್ಲ! ಸದ್ಯ, ದುಡ್ಡು ಎಣಿಸುವ ಮುಂಚೆ ಸೊಸೆಗೆ ಫೋನಿನಲ್ಲಿ ಡಬ್ಬದ ಹೆಸರು ಓದಿ ಹೇಳಿದೆ. ಜಿಟಿ 730.

"ಅಯ್ಯೋ ಅತ್ತೆ, ಅದು 2014ರ ಕಾರ್ಡು! ಜಿಬಿ ಅಂದರೆ ಅಡುಗೆ ಕಟ್ಟೆ ಇದ್ದ ಹಾಗೆ. ಒಲೆಯಲ್ಲಿ ಉರಿಯೇ ಇಲ್ಲದಿದ್ದರೆ ಕಟ್ಟೆ ಎಷ್ಟು ದೊಡ್ಡದಿದ್ದರೇನು?" ಎಂದಳು. ಕಟ್ಟೆ ತೀರ ಚಿಕ್ಕದಾದರೂ ಕಷ್ಟವೇ, ಈಗಿನ ಆಟಗಳಿಗೆ ನಾಲ್ಕು ಜಿಬಿ ಸಾಲದಂತೆ. ಆದರೆ ಮೊದಲು ನೋಡಬೇಕಾದ್ದು ಕಾರ್ಡಿನ ಹೆಸರು, ನಂಬರು, ಅದು ಬಂದ ವರ್ಷ. ಜಿಬಿ ಆಮೇಲೆ. ಡಬ್ಬವನ್ನು ಅಲ್ಲೇ ಬಿಟ್ಟು ಬಂದೆವು.

ಮಗನ ಗೆಳೆಯನ ಅಣ್ಣ, ತಾನು ಬಳಸಿದ ಆರ್‌ಎಕ್ಸ್ 580 ಕಾರ್ಡನ್ನು ಏಳು ಸಾವಿರಕ್ಕೆ ಕೊಡುತ್ತೇನೆಂದ. ಅದು 2017ರದ್ದು. ಬಿಲ್ಲೂ ಇಲ್ಲ, ಗ್ಯಾರಂಟಿಯೂ ಇಲ್ಲ. ಈಥೀರಿಯಂ ಎಂಬ ಕಂಪ್ಯೂಟರ್ ನಾಣ್ಯವನ್ನು ಗಳಿಸಲು ಇಂಥ ಕಾರ್ಡುಗಳನ್ನು ಹಿಟ್ಟಿನ ಗಿರಣಿಯ ಹಾಗೆ ಹಗಲೂ ರಾತ್ರಿ ಓಡಿಸುತ್ತಿದ್ದರಂತೆ. 2022ರ ಸೆಪ್ಟೆಂಬರಿನಲ್ಲಿ ಆ ದಾರಿ ಮುಚ್ಚಿದ ಮೇಲೆ ದಣಿದ ಕಾರ್ಡುಗಳೆಲ್ಲ ಮಾರಾಟಕ್ಕೆ ಬಂದವು. ಇದೂ ಅಂಥದ್ದೇ ಎಂದು ನಾನು ಹೇಳುವುದಿಲ್ಲ. ಆದರೆ ಅಲ್ಲವೆಂದು ತೋರಿಸಲು ಅವನ ಬಳಿಯೂ ಏನಿರಲಿಲ್ಲ. ಜೊತೆಗೆ ಅದು 185 ವ್ಯಾಟ್ ಕರೆಂಟು ಕೇಳುವ ಹೊಟ್ಟೆಬಾಕ!

ವ್ಯಾಟ್ ಎಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಮಿಕ್ಸಿ ಕೊಳ್ಳುವಾಗ ನಾವು ವ್ಯಾಟ್ ನೋಡುವುದಿಲ್ಲವೇ? ನಮ್ಮ ಕಂಪ್ಯೂಟರು ಯಾವುದೋ ಆಫೀಸಿನಿಂದ ಬಂದ ಸೆಕೆಂಡ್ ಹ್ಯಾಂಡ್ ಪೆಟ್ಟಿಗೆ. ಪ್ಲಗ್ಗು ಕಿತ್ತು, ಪಕ್ಕದ ಮುಚ್ಚಳ ತೆಗೆದು, ಕರೆಂಟು ಒದಗಿಸುವ ಡಬ್ಬದ ಚೀಟಿ ಓದಿದೆವು. 300 ವ್ಯಾಟ್. ಕಾರ್ಡಿಗೆಂದು ಬೇರೆ ವೈರೂ ಇರಲಿಲ್ಲ. ಬೇರೆ ವೈರಿಲ್ಲದಿದ್ದರೆ, ಕಾರ್ಡು ಕೂರುವ ಸಂದಿನಿಂದ ಸಿಗುವುದು ಹೆಚ್ಚೆಂದರೆ 75 ವ್ಯಾಟ್. ನನ್ನ ಹೊಲಿಗೆ ಟೇಪು ತಂದು ಒಳಗಿನ ಜಾಗವನ್ನೂ ಅಳೆದೆ. 22 ಸೆಂಟಿಮೀಟರ್. ಮಾನಿಟರಿಗೆ ಎಚ್‌ಡಿಎಂಐ ತೂತು ಇದೆಯೇ ಎಂದೂ ನೋಡಿಕೊಂಡೆವು, ಹೊಸ ಕಾರ್ಡುಗಳಲ್ಲಿ ಹಳೇ ನೀಲಿ ವಿಜಿಎ ತೂತು ಇರುವುದಿಲ್ಲ. ಎಲ್ಲವನ್ನೂ ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಬರೆದುಕೊಂಡು ರೈಲು ಹತ್ತಿದೆವು.

ಬೆಂಗಳೂರಿನ ಎಸ್.ಪಿ. ರೋಡು ನೋಡಿದರೆ ನಮ್ಮ ಸಂತೆ ನೆನಪಾಗುತ್ತದೆ. ತರಕಾರಿ ಬದಲು ವೈರು, ಅಷ್ಟೇ ವ್ಯತ್ಯಾಸ. ಅಂಗಡಿಯ ಹುಡುಗ ಮೂರು ಡಬ್ಬ ಇಟ್ಟ. ಎರಡರ ಮೇಲೆ ಒಂದೇ ಹೆಸರು, ಆರ್‌ಟಿಎಕ್ಸ್ 3050. ಒಂದು ಎಂಟು ಜಿಬಿ, ಇನ್ನೊಂದು ಆರು ಜಿಬಿ. ಎರಡು ಜಿಬಿ ಮಾತ್ರ ವ್ಯತ್ಯಾಸ ಎಂದುಕೊಂಡರೆ ಮೋಸ ಹೋದಿರಿ. 2022ರ ಜನವರಿಯಲ್ಲಿ ಬಂದ ಎಂಟರದಕ್ಕೆ 2560 ಕೈ, 130 ವ್ಯಾಟ್, ಬೇರೆ ವೈರು ಬೇಕು. 2024ರ ಫೆಬ್ರವರಿಯಲ್ಲಿ ಬಂದ ಆರರದಕ್ಕೆ 2304 ಕೈ, 70 ವ್ಯಾಟ್, ಬೇರೆ ವೈರು ಬೇಡ. ಒಂದೇ ಹೆಸರಿನ ಇಬ್ಬರು ಹುಡುಗಿಯರು ಒಂದೇ ಮನೆಯವರಾಗುತ್ತಾರೆಯೇ?

ಮೂರನೆಯದು ಆರ್‌ಎಕ್ಸ್ 6600. 3050 ಎರಡಕ್ಕಿಂತಲೂ ಇದೇ ಚುರುಕು. ಮಗನ ಕಣ್ಣು ಅದರ ಮೇಲೇ ನೆಟ್ಟಿತ್ತು. ಇಪ್ಪತ್ತೊಂದು ಸಾವಿರ. ಅದು 132 ವ್ಯಾಟ್ ಕೇಳುತ್ತದೆ, ಅದಕ್ಕೆ 450 ವ್ಯಾಟಿನ ಹೊಸ ಡಬ್ಬ ಬೇಕು, ಮೂರೂವರೆ ಸಾವಿರ. ಆಫೀಸಿನ ಪೆಟ್ಟಿಗೆಗಳಿಗೆ ಹೊರಗಿನ ಡಬ್ಬ ಎಷ್ಟೋ ಸಲ ಹೊಂದುವುದೂ ಇಲ್ಲವಂತೆ. ಸುಳ್ಳೇಕೆ ಹೇಳಲಿ, ಪೆಟ್ಟಿಗೆ ಬೇರೆಯಾಗಿದ್ದು ಕೈಯಲ್ಲಿ ಇನ್ನು ಐದು ಸಾವಿರ ಇದ್ದಿದ್ದರೆ ನಾನೂ ಅದನ್ನೇ ತರುತ್ತಿದ್ದೆ. ಮಗ ಡಬ್ಬವನ್ನು ಎರಡು ಸಲ ಮುಟ್ಟಿ ನೋಡಿದ. ಆಮೇಲೆ ತಾನೇ ಪಕ್ಕಕ್ಕೆ ಸರಿಸಿ, "ಆರು ಜಿಬೀದೇ ಸಾಕಮ್ಮ, ನಮ್ಮ ಪೆಟ್ಟಿಗೆಗೆ ಅದೇ ಸರಿ" ಎಂದ. ಆ ಒಂದು ಮಾತಿಗೇ ನನ್ನ ಅರ್ಧ ದುಡ್ಡು ವಸೂಲಾಯಿತು ಎನ್ನಿ. ತೆರಿಗೆ ಸೇರಿ 17,200 ಕೊಟ್ಟು, ಸೀರಿಯಲ್ ನಂಬರು ಬರೆಸಿ ಬಿಲ್ಲು ಪಡೆದೆವು. ಮೂರು ವರ್ಷ ಗ್ಯಾರಂಟಿ. ಕಾರ್ಡಿನ ಉದ್ದ 17 ಸೆಂಟಿಮೀಟರ್.

ಮನೆಗೆ ಬಂದು, ಕೈ ತೊಳೆದು, ದೇವರಿಗೊಂದು ನಮಸ್ಕಾರ ಹಾಕಿ ಕಾರ್ಡು ಕೂರಿಸಿದ. ಆಟ ಹಚ್ಚಿದರೆ ಕಾರು ಮೊದಲಿನ ಹಾಗೇ ಕುಂಟುತ್ತಾ ಹೋಗುತ್ತಿದೆ! ನಮ್ಮವರು ಬಾಗಿಲಲ್ಲಿ ನಿಂತು, "ನಾನು ಹೇಳಿರಲಿಲ್ವಾ?" ಎಂದರು. ನನ್ನ ಗಂಟಲು ಕಟ್ಟಿತು. ಓಲೆಯೂ ಹೋಯಿತು, ಮಾನವೂ ಹೋಯಿತು ಎಂದುಕೊಂಡೆ. ನಡುಗುವ ಕೈಯಲ್ಲಿ ಮತ್ತೆ ಸೊಸೆಗೆ ಫೋನು ಮಾಡಿದೆ.

"ಅತ್ತೆ, ಮಾನಿಟರಿನ ವೈರು ಎಲ್ಲಿಗೆ ಚುಚ್ಚಿದ್ದೀರಿ?"

ನೋಡಿದರೆ, ಅಭ್ಯಾಸಬಲದಿಂದ ಹಳೇ ತೂತಿಗೇ ಚುಚ್ಚಿದ್ದ! ಕಾರ್ಡಿನದೇ ತೂತಿಗೆ ಬದಲಿಸಿದ್ದೇ ತಡ, ಕಾರು ನೀರಿನ ಹಾಗೆ ಹರಿಯಿತು. ಅವನು ನಗುತ್ತಾ, "ಅಮ್ಮಾ, ನಿನಗೊಂದು ತೋರಿಸ್ತೀನಿ" ಎಂದು ಇನ್ನೊಂದು ಆಟ ಹಚ್ಚಿದ. 2020ರಲ್ಲಿ ಪುಣೆಯವರು ಮಾಡಿದ 'ರಾಜಿ' ಎಂಬ ಆಟ. ರಕ್ಕಸರು ಹೊತ್ತೊಯ್ದ ತಮ್ಮನನ್ನು ಹುಡುಕಿ ಹೊರಟ ಹುಡುಗಿಯ ಕಥೆ. ನಡುನಡುವೆ ಕಥೆ ಹೇಳುವುದು ನಮ್ಮ ತೊಗಲುಗೊಂಬೆಯಾಟದ ಹಾಗೇ ಇದೆ! ಒಗ್ಗರಣೆ ಸೀದುಹೋಗುವವರೆಗೂ ನೋಡುತ್ತಾ ನಿಂತುಬಿಟ್ಟೆ.

ಅಂದು ಊಟದ ಹೊತ್ತಿಗೆ ಮಗ ನನ್ನ ಮುಖ ನೋಡಿದ. ನಾನು ಏನೂ ಅನ್ನಲಿಲ್ಲ. ಅನ್ನ ಕಲಸುತ್ತಲೇ, ಕ್ಲಾಸಿನ ಸುಳ್ಳನ್ನೆಲ್ಲ ಅಪ್ಪನಿಗೆ ಹೇಳಿಬಿಟ್ಟ. ಇವರ ತುತ್ತು ಕೈಯಲ್ಲೇ ನಿಂತಿತು. ಬಹಳ ಹೊತ್ತು ಮಾತಿಲ್ಲ.

"ಅಲ್ಲಿ ಗಂಟೆಗೆ ಎಷ್ಟು ತಗೋತಿದ್ರು?"

"ಐವತ್ತು."

ಇವರು ಸೂರು ನೋಡುತ್ತಾ ಮನಸ್ಸಿನಲ್ಲೇ ಭಾಗಿಸಿದರು. "ಮುನ್ನೂರ ನಲವತ್ನಾಲ್ಕು ಗಂಟೆಗೆ ಕಾರ್ಡಿನ ದುಡ್ಡು ವಾಪಸು. ದಿನಕ್ಕೆ ಒಂದೇ ಗಂಟೆ, ಅದೂ ಓದಾದ ಮೇಲೆ. ಲೆಕ್ಕ ನಾನು ಬರೀತೀನಿ" ಎಂದರು.

ಎರಡು ತಿಂಗಳಿಗೇ 5050 ಎಂಬ ಹೊಸ ಕಾರ್ಡು ಬಂತಂತೆ. ಸೀರೆ ಅಂಗಡಿಯ ಹಾಗೆ, ನಾವು ಕೊಂಡು ಬಂದ ಮೇಲೇ ಹೊಸದು ಬರುವುದು! ಮಗ ಅದರ ವ್ಯಾಟ್ ಓದಿ, "130, ನಮಗಾಗಲ್ಲ" ಎಂದು ಸುಮ್ಮನಾದ. ನನ್ನ ಓಲೆ ಹಾಗೇ ಇದೆ. ಹೊಸ ಚೀಟಿ ಹಾಕಿದ್ದೇನೆ.